ಹನ್ನೊಂದನೆಯ ಹೆಸರು

ಓಟೋ ಲಿಂಡ್ನರ್ ಎಂಬ ಆಟಗಾರ ಹುಟ್ಟಿಯೇ ಇರಲಿಲ್ಲ. ಈ ಸುದ್ದಿ ಕೊಪ್ಪಳದ ಗ್ರಂಥಾಲಯಕ್ಕೆ ಮುಟ್ಟಿದ್ದು ಒಂದು ಭಾನುವಾರ ಬೆಳಿಗ್ಗೆ, ಚಹಾ ಬರುವ ಹೊತ್ತಿಗೆ ಸರಿಯಾಗಿ.

ಗ್ರಂಥಪಾಲಕಿ ದಾನೇಶ್ವರಿ ಮೊಬೈಲಿಗೆ ಬಂದ ಪತ್ರವನ್ನು ಎಲ್ಲರಿಗೂ ಕೇಳುವಂತೆ ಓದಿದಳು. ಬರೆದವರು ರೆನಾಟೆ, ಜರ್ಮನಿಯ ಮೊಲ್ಟೆನ್‌ಬಾಖ್ ಎಂಬ ಸಣ್ಣ ಊರಿನವರು. ವಯಸ್ಸು ಎಪ್ಪತ್ತೊಂಬತ್ತು.

‘ನನ್ನ ಅಪ್ಪ ಎಮಿಲ್ ಬ್ರಾಂಟ್ ನಮ್ಮೂರ ತಂಡಕ್ಕೆ ಆಡಿದ್ದು ಒಂದೇ ಪಂದ್ಯ. ಐವತ್ತಾರನೇ ಇಸವಿಯ ಜಿಲ್ಲಾ ಫೈನಲ್. ಗೋಲ್‌ಕೀಪರನ ಬೆರಳು ಮುರಿದಿತ್ತು. ಬೇಕರಿಯಲ್ಲಿದ್ದ ಅಪ್ಪನನ್ನು ಎಳೆದುಕೊಂಡು ಬಂದು ನಿಲ್ಲಿಸಿದರು. ಗೆದ್ದರು. ಹೋದ ತಿಂಗಳು ಕ್ಲಬ್ಬಿಗೆ ನೂರು ವರ್ಷ ತುಂಬಿತು. ಆ ಹನ್ನೊಂದು ಜನರ ಹೆಸರು ಕೆತ್ತಿದ ಫಲಕದ ಪರದೆ ಸರಿಸಿದಾಗ ನಾನು ಮುಂದಿನ ಸಾಲಿನಲ್ಲೇ ಕೂತಿದ್ದೆ. ಅಪ್ಪನ ಹೆಸರಿರಲಿಲ್ಲ. ಆ ಜಾಗದಲ್ಲಿ ಓಟೋ ಲಿಂಡ್ನರ್ ಇದ್ದ. ಅಂಥವನು ನಮ್ಮೂರಲ್ಲಿ ಹುಟ್ಟಿಲ್ಲ. ಎಲ್ಲಿಂದ ತಂದಿರಿ ಎಂದು ಕೇಳಿದೆ. ಜರ್ಮನ್ ವಿಶ್ವಕೋಶದಿಂದ ಎಂದರು. ಅದಕ್ಕೆ ಎಲ್ಲಿಂದ ಬಂತೆಂದು ಮೊಮ್ಮಗ ಹುಡುಕಿದ. ನಿಮ್ಮ ಕನ್ನಡ ಪುಟದಿಂದ. ನಿಮಗೆ ನನ್ನ ಅಪ್ಪ ಏನು ಮಾಡಿದ್ದ?’

ಚಹಾ ಬಂತು. ಯಾರೂ ಕೈ ಚಾಚಲಿಲ್ಲ.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೇರಿ ಬಳಗದಲ್ಲಿ ಇದ್ದವರು ಒಂಬತ್ತೇ ಮಂದಿ. ಅವರಲ್ಲಿ ಫುಟ್‌ಬಾಲನ್ನು ಕಾಲಿನಿಂದ ಒದ್ದವರು ಇಬ್ಬರು. ಹಾಗಿದ್ದೂ ಮೂರು ವರ್ಷದ ಹಿಂದೆ ಆನ್‌ಲೈನ್ ವಿಶ್ವಕೋಶದ ಜರ್ಮನ್ ಫುಟ್‌ಬಾಲ್ ಲೇಖನ ಸ್ಪರ್ಧೆಯಲ್ಲಿ ದೇಶಕ್ಕೇ ಮೊದಲಿಗರಾಗಿದ್ದರು. ಶಾಲು, ಹಾರ, ಪೇಪರಿನಲ್ಲಿ ಫೋಟೋ ಎಲ್ಲ ಆಗಿತ್ತು. ಸ್ಪರ್ಧೆಗೆ ಎರಡು ನಿಯಮ. ಪಟ್ಟಿಯಲ್ಲಿ ಖಾಲಿ ಸಾಲಿದ್ದರೆ ಆ ಲೇಖನ ಲೆಕ್ಕಕ್ಕಿಲ್ಲ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಆಧಾರದೊಂದಿಗೆ ತಾಳೆ ನೋಡಿ, ‘ಮೂಲ ನೋಡಿದ್ದೇನೆ’ ಎಂದು ಹೆಸರು ಹಾಕಬೇಕು.

ಮೊಲ್ಟೆನ್‌ಬಾಖ್ ಪುಟದ ಕೆಳಗೆ ಹಾಗೆ ಹೆಸರು ಹಾಕಿದವಳು ದಾನೇಶ್ವರಿ. ಪತ್ರ ಓದುವಾಗಲೇ ಅದು ಅವಳಿಗೆ ನೆನಪಾಗಿತ್ತು. ಆ ದಿನ ಹದಿನಾಲ್ಕು ಲೇಖನಗಳಿಗೆ ಹತ್ತೇ ನಿಮಿಷದಲ್ಲಿ ಹೆಸರು ಹಾಕಿದ್ದಳು. ಒಂದರ ಮೂಲವನ್ನೂ ತೆರೆದಿರಲಿಲ್ಲ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದಿದ್ದಳು, ಅಷ್ಟೆ. ಈಗ ಮೊಬೈಲನ್ನು ಮೇಜಿನ ಮೇಲೆ ಬೋರಲು ಹಾಕಿದಳು.

ಬಳಗದ ಹಿರಿಯ ದೊಡ್ಡಬಸಪ್ಪ ಬೀಜದ ಅಂಗಡಿಯ ಸಾಹುಕಾರರು. ಉಳಿದ ಎಂಟೂ ಮಂದಿಗೆ ಈ ಕೆಲಸ ಕಲಿಸಿದವರು ಅವರೇ. ಲ್ಯಾಪ್‌ಟಾಪ್ ಎಳೆದುಕೊಂಡು ಪುಟದ ಇತಿಹಾಸ ತೆಗೆದರು.

“ನವೆಂಬರ್ ಇಪ್ಪತ್ತೆಂಟು, ಭಾನುವಾರ. ಮುಂಜಾನಿ ಆರು ಐವತ್ತೆರಡು. ಓಟೋ ಲಿಂಡ್ನರ್ ಅಂತ ಸೇರ್ಸ್ಯಾರ. ಖಾತಿ...” ಅವರು ತಲೆ ಎತ್ತಿದರು. “ಖುರ್ಷಿದಾ, ನಿಂದ ಐತಲ್ಲವಾ.”

ಕುಷ್ಟಗಿಯ ಟೇಲರ್ ಖುರ್ಷಿದಾ ಮೂಲೆಯ ಕುರ್ಚಿಯಿಂದ ಎದ್ದಳು.

“ಪುಟ ನಂದ ಖರೆ. ಆ ಹೆಸರ ನಾ ಬರದಿಲ್ರಿ.”

“ಖಾತಿ ಸುಳ್ಳು ಹೇಳತೈತೇನು? ಮುಂಜಾನಿ ಏಳರೊಳಗ ನಿಮ್ಮನ್ಯಾಗ ನೀನಲ್ದ ಮತ್ತ್ಯಾರು ಬರೀತಾರ?”

ಖುರ್ಷಿದಾ ದಾನೇಶ್ವರಿಯ ಕಡೆ ನೋಡಿದಳು. ದಾನೇಶ್ವರಿ ಚಹಾದ ಕಪ್ಪು ನೋಡಿದಳು. ಸಾಹುಕಾರರು ಅಲ್ಲೇ ತೀರ್ಪು ಕೊಟ್ಟರು. ಅವಳ ಖಾತೆಗೆ ಬೀಗ. ಮುಂದಿನ ಭಾನುವಾರ ಅವಳ ಹೆಸರು ಹಾಕಿ ಕ್ಷಮಾಪಣೆ. ಅದು ಪ್ರಕಟವಾದರೆ ಅವಳು ಜೀವನಪರ್ಯಂತ ಹೊರಗೆ. ಹೊಲಿಗೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಅವಳಿಂದ ಲೇಖನ ಬರೆಯುವುದನ್ನು ಕಲಿಯುತ್ತಿದ್ದ ಹೆಂಗಸರೆದುರು ಸುಳ್ಳುಗಾತಿ.

ಖುರ್ಷಿದಾ ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದಳು.

* * *

ದಾನೇಶ್ವರಿಗೆ ಮೊದಲು ಅನುಮಾನ ಬಂದದ್ದು ಯಲಬುರ್ಗಾದ ದುರುಗೇಶನ ಮೇಲೆ. ಪಂಪ್‌ಸೆಟ್ ರಿಪೇರಿಯ ದುರುಗೇಶ ಹಿಂದೊಮ್ಮೆ ತನ್ನ ಎಮ್ಮೆಯ ಹೆಸರನ್ನು ಜರ್ಮನ್ ತಂಡವೊಂದರ ಡಿಫೆಂಡರ್ ಎಂದು ಸೇರಿಸಿ ಬೈಸಿಕೊಂಡಿದ್ದ. ಸೋಮವಾರ ಗ್ರಂಥಾಲಯಕ್ಕೆ ರಜೆ. ಬಸ್ಸು ಹತ್ತಿ ಅವನ ಅಂಗಡಿಗೇ ಹೋದಳು.

“ಎಮ್ಮಿ ಹಾಕಿದ್ದು ನಾನ ಅಕ್ಕಾರ. ಅದಕ್ಕ ನಾಚಿಕಿ ಇಲ್ಲ,” ಎಂದ ದುರುಗೇಶ, ಗ್ರೀಸಿನ ಕೈ ಒರೆಸಿಕೊಳ್ಳುತ್ತ. “ಆದ್ರ ನಾ ಹಾಕಿದ್ರ ನಗು ಬರೂ ಹೆಸರ ಹಾಕ್ತಿದ್ದೆ. ಓಟೋ ಲಿಂಡ್ನರ್ ಅಂದ್ರ ಯಾರಿಗಿ ನಗು ಬರ್ತೈತ್ರಿ? ಇದು ನಗಸಾಕ ಹಾಕಿದ್ದಲ್ಲ. ಜಾಗಾ ತುಂಬಾಕ ಹಾಕಿದ್ದು.”

ಮಾತು ನೆಟ್ಟಗಿತ್ತು. ವಿನೋದಕ್ಕೆ ಮಾಡಿದ್ದಲ್ಲ, ಸ್ಪರ್ಧೆಯ ಅಂಕಕ್ಕೆ ಮಾಡಿದ್ದು.

“ಆ ಭಾನುವಾರ ಗಂಗಾವತ್ಯಾಗ ಕಮ್ಮಟ ಇತ್ತಲ್ಲ. ನೀ ಫೋಟೋ ಹೊಡದಿದ್ದಿ?”

“ನೂರಾ ಹತ್ತು. ಕಳಿಸ್ತೀನಿ ತಗೋರಿ.”

* * *

ಅದೇ ಸಂಜೆ ಕುಷ್ಟಗಿಯ ಅಂಗಡಿಯಲ್ಲಿ ಖುರ್ಷಿದಾ ಹೊಲಿಗೆ ನಿಲ್ಲಿಸಲಿಲ್ಲ. ಬರ್ರಿ ಎಂದಳು, ಕೂಡ್ರಿ ಎನ್ನಲಿಲ್ಲ. ದಾನೇಶ್ವರಿ ಬಟ್ಟೆಯ ಗಂಟಿನ ಪಕ್ಕ ನಿಂತೇ ಮಾತಾಡಿದಳು.

“ಆ ಪುಟ ನೀ ಹೆಂಗ ಬರದಿದ್ದಿ?”

“ಐವತ್ತೇಳರ ಒಂದು ಸ್ಮರಣ ಸಂಚಿಕಿ ಹಾಳಿ ಸಿಕ್ಕಿತ್ರಿ. ಹತ್ತು ಹೆಸರಿದ್ದು. ಕೆಳಗಿನ ಮೂಲಿ ಹರದಿತ್ತು. ಹನ್ನೊಂದನೇದು ಖಾಲಿ ಬಿಟ್ಟಿದ್ದೆ. ಗೊತ್ತಿಲ್ಲದ್ದು ಹೆಂಗ ಬರೀಲಿ?”

“ಮುಂಜಾನಿ ಏಳರೊಳಗ?”

“ಕಮ್ಮಟಕ್ಕ ಹೊಂಟ ಬಸ್ಸಿನಾಗಿದ್ದೆ. ಮತ್ತ ನಂಗೆಲ್ಲಿದು ಲ್ಯಾಪ್‌ಟಾಪ್? ನಾ ಮನ್ಯಾಗ ಬರದ್ರ ಫೋನಿನಾಗ. ಫೋನಿನಾಗ ಬರದ್ರ ಇತಿಹಾಸದಾಗ ‘ಮೊಬೈಲ್’ ಅಂತ ಬರ್ತೈತಿ. ಅದರ ಮುಂದ ಐತೇನು ನೋಡ್ರಿ.”

ದಾನೇಶ್ವರಿ ಫೋನಿನಲ್ಲಿ ಪುಟದ ಇತಿಹಾಸ ತೆರೆದಳು. ಆ ಸಾಲಿನ ಮುಂದೆ ‘ಮೊಬೈಲ್’ ಇರಲಿಲ್ಲ. ಫೋನು ಬಿಟ್ಟರೆ ಖುರ್ಷಿದಾಳ ಖಾತೆ ತೆರೆದಿರುತ್ತಿದ್ದದ್ದು ಬಳಗದ ಲ್ಯಾಪ್‌ಟಾಪಿನಲ್ಲಿ ಮಾತ್ರ. ಓಟೋನನ್ನು ಸೇರಿಸಿದ್ದು ಅದರಿಂದಲೇ.

ಬಳಗಕ್ಕೆ ಇದ್ದದ್ದು ಒಂದೇ ಲ್ಯಾಪ್‌ಟಾಪ್. ಅದು ಇರುತ್ತಿದ್ದದ್ದು ಗ್ರಂಥಾಲಯದ ಕಪಾಟಿನಲ್ಲಿ. ಕೀಲಿ ಇರುತ್ತಿದ್ದದ್ದು ಅವಳ ಪರ್ಸಿನಲ್ಲಿ. ಆ ಭಾನುವಾರ ಎಂಟು ಗಂಟೆಯ ಬಸ್ಸಿಗೆ ಅದನ್ನು ಗಂಗಾವತಿಗೆ ಹೊತ್ತೊಯ್ದವಳೂ ಅವಳೇ. ಬೆಳಿಗ್ಗೆ ಆರು ಐವತ್ತೆರಡಕ್ಕೆ ಅದು ಬೀಗದೊಳಗಿತ್ತು. ಹಾಗಾದರೆ ಆ ಹೊತ್ತಿನಲ್ಲಿ ಅದರಲ್ಲಿ ಬರೆಯಬಲ್ಲವಳು ಲೋಕದಲ್ಲಿ ಒಬ್ಬಳೇ.

“ನಾನ ಅಂತಾತಲ್ಲ,” ಎಂದಳು ದಾನೇಶ್ವರಿ.

ಖುರ್ಷಿದಾ ಮೊದಲ ಸಲ ಯಂತ್ರ ನಿಲ್ಲಿಸಿದಳು. “ಇಲ್ಲಾಂದ್ರ ಅದು ಮುಂಜಾನಿ ಅಲ್ಲ.”

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ವಿಶ್ವಕೋಶದ ಗಡಿಯಾರ ಇಲ್ಲಿಯದಲ್ಲ. ಲೋಕಕ್ಕೆಲ್ಲ ಒಂದೇ ಇರಲೆಂದು ಅದು ಲಂಡನ್ ಕಡೆಯ ಸಮಯ ತೋರಿಸುತ್ತದೆ. ನಮ್ಮ ಹೊತ್ತು ಬೇಕಾದರೆ ಐದೂವರೆ ತಾಸು ಕೂಡಿಸಬೇಕು. ಆರು ಐವತ್ತೆರಡು ಎಂದರೆ ಮಧ್ಯಾಹ್ನ ಹನ್ನೆರಡು ಇಪ್ಪತ್ತೆರಡು.

ದುರುಗೇಶನ ಫೋಟೋಗಳು ಆಗಲೇ ಬಂದು ಬಿದ್ದಿದ್ದವು. ಹನ್ನೆರಡು ಇಪ್ಪತ್ತೊಂದರದು ಒಂದಿತ್ತು. ಕಮ್ಮಟ ನಡೆದ ಅಮೀನಸಾಬರ ಅಕ್ಕಿ ಗಿರಣಿಯ ಮಹಡಿ. ಊಟದ ಸಾಲು. ಖುರ್ಷಿದಾ ರೊಟ್ಟಿ ಬಡಿಸುತ್ತಿದ್ದಳು, ದಾನೇಶ್ವರಿ ಪುಂಡಿಪಲ್ಯ. ಬಡಿಸಲು ಎದ್ದವರು ಹೆಂಗಸರೇ ಅಲ್ಲವೇ! ಆರು ತಟ್ಟೆ ಹಾಕಿದ್ದರು. ಐದರ ಮುಂದೆ ಜನ ಕೂತಿದ್ದರು. ಆರನೆಯದರಲ್ಲಿ ರೊಟ್ಟಿ ಹಾಗೇ ಇತ್ತು.

ದಾನೇಶ್ವರಿ ಐವರ ಮುಖಗಳನ್ನು ಎರಡೆರಡು ಸಲ ನೋಡಿದಳು. ಇಲ್ಲದವರು ಯಾರೆಂದು ತಿಳಿದ ಮೇಲೂ ಮೂರನೆಯ ಸಲ ನೋಡಿದಳು.

* * *

ಬೀಜದ ಅಂಗಡಿಯಲ್ಲಿ ಗಿರಾಕಿ ಹೋಗುವತನಕ ಕಾದು ಫೋನನ್ನು ಗಲ್ಲಾಪೆಟ್ಟಿಗೆಯ ಮೇಲಿಟ್ಟಳು.

“ಸಾಹುಕಾರ್ರ, ಈ ತಾಟು ನಿಮ್ದು.”

ದೊಡ್ಡಬಸಪ್ಪ ಕನ್ನಡಕ ಏರಿಸಿಕೊಂಡರು. “ನಾ ಕೈ ತೊಳಿಯಾಕ ಹೋಗಿರಬೇಕು.”

“ಅಷ್ಟ ಆಗಿದ್ರ ನಾ ಬರ್ತಿದ್ದಿಲ್ರಿ. ಐದೂವರಿ ತಾಸು ಕೂಡಸ್ರಿ ಅಂತ ನಮಗ ಹೇಳಿಕೊಟ್ಟವ್ರು ಯಾರು?”

ಅವರು ಗಲ್ಲಾಪೆಟ್ಟಿಗೆಯ ಕೀಲಿ ತಿರುಗಿಸಿದರು.

“ಉಳಿದವ್ರು ತಪ್ಪಿ ಮುಂಜಾನಿ ಅಂದ್ರ ನಂಬಬಹುದು. ನೀವು ತಪ್ಪೂದಿಲ್ಲ. ಆದ್ರೂ ಭಾನುವಾರ ಎಲ್ಲಾರ ಮುಂದ ‘ಮುಂಜಾನಿ’ ಅಂತ ಓದಿದ್ರಿ. ಮಧ್ಯಾಹ್ನ ಅಂದ್ರ ಕಮ್ಮಟ ನೆನಪಾಗ್ತಿತ್ತು. ಮುಂಜಾನಿ ಅಂದ್ರ ಖುರ್ಷಿದಾ ಒಬ್ಬಾಕಿ. ನಿಮ್ಮನ್ನ ಹಿಡಕೊಟ್ಟಿದ್ದು ಫೋಟೋ ಅಲ್ರಿ, ಆ ಒಂದು ಮಾತು.”

ದೊಡ್ಡಬಸಪ್ಪ ಕನ್ನಡಕ ತೆಗೆದಿಟ್ಟರು. “ಸ್ಪರ್ಧಾ ಗೆಲ್ಲಾಕ ಒಂದು ಲೇಖನ ಕಡಿಮಿ ಬಿದ್ದಿತ್ತು, ತಂಗಿ. ಆಕಿ ಬಡಸಾಕ ಎದ್ದು ಹೋಗಿದ್ಲು, ಪುಟ ತೆರದ ಇತ್ತು. ಒಂದ ಸಾಲು ಖಾಲಿ. ಎಪ್ಪತ್ತು ವರ್ಷದ ಹಿಂದಿನ ಹಳ್ಳಿ ಪಂದ್ಯ, ಯಾರಿಗೆ ಬೇಕಾಗೈತಿ ಅನಕೊಂಡೆ.” ಫೋನನ್ನು ಅವಳ ಕಡೆ ಸರಿಸಿದರು. “ಮೂಲ ನೋಡಾಕ ನೀ ಇದ್ದಿಯಲ್ಲ. ಹಿಡದ್ರ ಹಿಡೀತಾಳ ಅಂತ ಬಿಟ್ಟೆ. ನೀ ಹಿಡೀಲಿಲ್ಲ.”

ಕಳ್ಳನನ್ನು ಹಿಡಿಯಲು ಬಂದವಳು ಫೋನು ಎತ್ತಿಕೊಂಡು ಅಂಗಡಿಯ ಮೆಟ್ಟಿಲಿಳಿದಳು.

* * *

ಭಾನುವಾರ ಒಂಬತ್ತೂ ಮಂದಿ ಬಂದರು. ದಾನೇಶ್ವರಿ ಎಲ್ಲವನ್ನೂ ಹೇಳಿದಳು. ಗಡಿಯಾರ, ಲ್ಯಾಪ್‌ಟಾಪ್, ತಟ್ಟೆ. ಕೊನೆಗೆ ತನ್ನ ಹದಿನಾಲ್ಕು ಸಹಿ.

ದೊಡ್ಡಬಸಪ್ಪ ಎದ್ದು ಕೈ ಮುಗಿದರು. “ಕ್ಷಮಾಪಣಿ ಬರೀರಿ. ಆದ್ರ ‘ಒಬ್ಬ ಸ್ವಯಂಸೇವಕ’ ಅಂತ ಅಷ್ಟ ಬರೀರಿ. ಈ ವಯಸ್ಸಿನಾಗ ಹೆಸರ ಬ್ಯಾಡ.”

ಪಾಪ ಎನ್ನಿಸಿತು ಎಲ್ಲರಿಗೂ. ದಾನೇಶ್ವರಿಗೂ ಎನ್ನಿಸಿತು, ಅವರ ಹೆಸರು ಬಿಟ್ಟರೆ ತನ್ನದನ್ನೂ ಬಿಡಬಹುದಿತ್ತು.

“ನನ್ನ ಹೆಸರ ಹಾಕೂ ಮುಂದ,” ಎಂದಳು ಖುರ್ಷಿದಾ, “‘ಒಬ್ಬ ಸ್ವಯಂಸೇವಕಿ’ ಅಂತ ಬರಿಯೂಣು ಅಂತ ಯಾರೂ ಅನಲಿಲ್ರಿ.”

ದಾನೇಶ್ವರಿ ಸಾಹುಕಾರರದೂ ತನ್ನದೂ ಎರಡೂ ಹೆಸರು ಬರೆದಳು. ಪೂರ್ತಿ ಹೆಸರು, ಊರಿನ ಸಮೇತ.

ಖುರ್ಷಿದಾಳ ಖಾತೆಯ ಬೀಗ ತೆಗೆಸಿದರು. ಲ್ಯಾಪ್‌ಟಾಪ್ ಅವಳ ಮುಂದಿಟ್ಟರು. ಅವಳು ಓಟೋ ಲಿಂಡ್ನರನನ್ನು ಅಳಿಸಿದಳು. ಆ ಜಾಗದಲ್ಲಿ ಎಮಿಲ್ ಬ್ರಾಂಟ್ ಎಂದು ಬರೆದು, ಉಳಿಸುವ ಮೊದಲು ಕೈ ನಿಲ್ಲಿಸಿದಳು.

“ಅಕ್ಕಾರ, ಮೂಲ ಏನಂತ ಹಾಕಲಿ?”

ಅಚ್ಚಾದ ಮೂಲವಿಲ್ಲದೆ ಹೆಸರು ಸೇರಿಸುವಂತಿಲ್ಲ. ಇದ್ದ ಒಂದು ಹಾಳೆಯ ಮೂಲೆ ಹರಿದಿತ್ತು. ಸುಳ್ಳು ಅರ್ಧ ನಿಮಿಷದಲ್ಲಿ ಒಳಗೆ ಹೋಗಿದ್ದ ಜಾಗಕ್ಕೆ ಈಗ ನಿಜ ಹೋಗುವಂತಿರಲಿಲ್ಲ. ಖುರ್ಷಿದಾ ಒಂದೊಂದೇ ಅಕ್ಷರ ಅಳಿಸಿದಳು.

ದಾನೇಶ್ವರಿ ರೆನಾಟೆಗೆ ಬರೆದಳು. ತಪ್ಪು ನಮ್ಮದು. ಮಾಡಿದವರು ಇವರು, ನೋಡದೆ ಬಿಟ್ಟವಳು ನಾನು. ಆ ಹೆಸರು ತೆಗೆದಿದ್ದೇವೆ. ನಿಮ್ಮ ತಂದೆಯ ಹೆಸರು ಸೇರಿಸಲು ಅಚ್ಚಾದ ದಾಖಲೆ ಏನಾದರೂ ಇದ್ದರೆ ದಯವಿಟ್ಟು ಕಳಿಸಿ.

ಉತ್ತರ ಮಧ್ಯಾಹ್ನವೇ ಬಂತು.

‘ಏನೂ ಇಲ್ಲ. ಆ ದಿನ ನಾನು ಗೋಲಿನ ಹಿಂದೆ ನಿಂತು ಅಪ್ಪನ ಕೋಟು ಹಿಡಿದುಕೊಂಡಿದ್ದೆ. ಅದು ಸಾಲುತ್ತದೆಯೇ?’

ಸಾಲುವುದಿಲ್ಲ ಎಂದು ದಾನೇಶ್ವರಿಯೇ ಬರೆಯಬೇಕಾಯಿತು.