ಪೇರಲಕ್ಕೆ ಅಂಗಿ

"ಆ ಡಬ್ಬಿ ತಗಿ ಅಕ್ಷತಾ! ಮದ್ಲ ತಗಿ ಅದನ್ನ!"

ಒಡ್ಡಿನ ಆಚೆಯಿಂದ ವಂದನಾ ಕೂಗಿದಳು. ಅಕ್ಷತಾ ತಮ್ಮ ಪೇರಲ ಗಿಡದ ಕೆಳಗೆ ಕತ್ತೆತ್ತಿ ನಿಂತಿದ್ದಳು. ಕೊಂಬೆಗೆ ಕಟ್ಟಿದ ಹಳದಿ ಪ್ಲಾಸ್ಟಿಕ್ ಡಬ್ಬಿಯೊಳಗೆ ನೊಣಗಳು ಸತ್ತು ಬಿದ್ದಿದ್ದವು.

"ಯಾಕ ತಗೀಬೇಕು? ಸಂಘದವರು ಕೊಟ್ಟಾರ. ಬಂದು ನೋಡು, ಎಷ್ಟ ನೊಣಾ ಬಿದ್ದಾವು!"

"ಅದಕ್ಕ ತಗಿ ಅನ್ನಾಕತ್ತೇನಿ. ಅದರ ವಾಸನಿಗೆ ಎಲ್ಲೆಲ್ಲಿಂದೋ ನೊಣಾ ಬರ್ತಾವಂತ. ಬರೂಮುಂದ ನಮ್ಮ ತ್ವಾಟದಾಗ ಇಳೀತಾವು. ನಮ್ಮ ಹಣ್ಣಿಗೆ ಮದಲಿಗಿಂತ ಜಾಸ್ತಿ ಹುಳಾ ಬಿದ್ದಾವು. ನಮ್ಮಪ್ಪನ ಹೇಳ್ಯಾನ!"

ವಂದನಾ ತಿರುಗಿ ನೋಡದೆ ಹೊರಟುಹೋದಳು.

ಇಬ್ಬರೂ ತೇರದಾಳದ ಸಾಲೆಯಲ್ಲಿ ಐದನೇ ಕ್ಲಾಸು. ಒಂದೇ ಬೆಂಚು. ಇಬ್ಬರ ಮನೆಯ ತೋಟಗಳ ನಡುವೆ ಇರುವುದು ಒಂದು ಒಡ್ಡು ಮಾತ್ರ. ಮರುದಿನ ವಂದನಾ ಹಿಂದಿನ ಬೆಂಚಿಗೆ ಹೋಗಿ ಕುಳಿತಳು. ಅಕ್ಷತಾ ರಬ್ಬರ್ ಕೇಳಿದರೂ ಕೊಡಲಿಲ್ಲ.

ಇದೆಲ್ಲ ಶುರುವಾಗಿದ್ದು ಹಿಂದಿನ ವಾರ. ಹಣ್ಣು ಬೆಳೆಗಾರರ ಸಂಘದ ಗಾಡಿ ಪೇರಲ ಒಯ್ಯಲು ಬಂದಿತ್ತು. ಗಾಡಿಯವರು ಹಣ್ಣು ಕೊಯ್ದು ನೋಡಿದರೆ ಒಳಗೆ ಬಿಳಿ ಹುಳ. ಇನ್ನೊಂದರಲ್ಲೂ ಹುಳ. ಗಾಡಿ ಖಾಲಿಯೇ ಹೋಯಿತು. "ಈ ಕಡೆಯ ತೋಟದವರೆಲ್ಲ ಕೂಡಿ ನೊಣ ತಡೆಯದಿದ್ದರೆ ನಿಮ್ಮ ಹಣ್ಣು ಒಯ್ಯಲು ಆಗುವುದಿಲ್ಲ" ಎಂದು ಸಂಘ ಹೇಳಿತು. ಅಕ್ಷತಾಳ ಅಪ್ಪ ಬಸವಕುಮಾರ ಅಂದೇ ಡಬ್ಬಿ ಕಟ್ಟಿದ. ವಂದನಾಳ ಅಪ್ಪ ಧರ್ಮರಾಜ ಕಟ್ಟಲಿಲ್ಲ.

ಸಂಜೆ ಅಪ್ಪ ನೀರಿನ ಪೈಪು ಜೋಡಿಸುತ್ತಿದ್ದಾಗ ಅಕ್ಷತಾ ಕೇಳಿದಳು. "ಅಪ್ಪಾ, ಡಬ್ಬಿ ವಾಸನಿಗೆ ನೊಣಾ ಬರ್ತಾವೇನು?"

"ಬರ್ತಾವು. ಬರಲಿ ಅಂತನ ಕಟ್ಟೇವಿ."

"ಅಂದ್ರ ಧರ್ಮರಾಜ ಕಾಕಾ ಹೇಳೂದು ಖರೆ?"

"ಏ, ಸುಳ್ಳ ಅದು!"

ಅಕ್ಷತಾಗೆ ತಲೆ ಕೆಟ್ಟಂತಾಯಿತು. ನೊಣ ಬರುವುದು ಖರೆ. ಬರುತ್ತವೆ ಅಂತ ಕಾಕಾ ಹೇಳಿದರೆ ಅದು ಸುಳ್ಳು. ಅದು ಹೇಗೆ?

ಶನಿವಾರ ಮಧ್ಯಾಹ್ನ ಸಂಘದ ಪ್ರಭುಲಿಂಗ ಸರ್ ಬನಹಟ್ಟಿಯಿಂದ ಬೈಕಿನಲ್ಲಿ ಬಂದರು. ಅಕ್ಷತಾ ಅವರನ್ನೂ ಕೇಳಿದಳು.

"ಛಲೋ ಕೇಳಿದಿ" ಎಂದು ಅವರು ಡಬ್ಬಿ ಇಳಿಸಿ ತೋರಿಸಿದರು. "ಇದು ಕರಿಯೂದು ಗಂಡ ನೊಣಾನ್ನ ಅಷ್ಟ. ಹಣ್ಣಿನ್ಯಾಗ ತತ್ತಿ ಇಡೂದು ಹೆಣ್ಣ ನೊಣ. ಗಂಡ ನೊಣಾ ಕಡಿಮಿ ಆದ್ರ ತತ್ತಿಯಿಂದ ಹುಳಾ ಆಗೂದಿಲ್ಲ. ಆದ್ರ ಒಬ್ಬರ ತ್ವಾಟದಾಗ ಕಟ್ಟಿದ್ರ ಸಾಲೂದಿಲ್ಲವಾ, ಬಾಜೂದಿಂದ ಮತ್ತ ಬರ್ತಾವು."

"ಹಂಗಾರ ಕಾಕಾಗ ಹೇಳ್ರಿ ಸರ್."

"ಹೇಳೇನಿ. ಕೇಳವಲ್ಲರು. ಯಾಕೋ ತಿಳೀವಲ್ದು."

ತಾನೇ ಕೇಳಿಬಿಡೋಣ ಎಂದು ಅಕ್ಷತಾ ಒಡ್ಡು ದಾಟಿದಳು.

ಅಲ್ಲಿ ವಂದನಾಳ ಅಜ್ಜಿ ತಾರವ್ವ ಬಿದ್ದ ಹಣ್ಣುಗಳನ್ನು ಬುಟ್ಟಿಗೆ ತುಂಬುತ್ತಿದ್ದಳು. ಪಕ್ಕದಲ್ಲಿದ್ದ ವಂದನಾ ಮುಖ ತಿರುಗಿಸಿದಳು.

"ಅಜ್ಜೀ, ನೀವ್ಯಾಕ ಡಬ್ಬಿ ಕಟ್ಟಿಲ್ರಿ?"

ಅಜ್ಜಿ ಸೊಂಟ ಹಿಡಿದುಕೊಂಡು ಎದ್ದು ನಿಂತಳು. "ನಾನ ಬ್ಯಾಡಂದೇನವ್ವಾ. ವಾಸನಿ ತೋರಿಸಿ ಕರದು ಕೊಲ್ಲೂದು ನನ್ನ ಮನಸ್ಸಿಗೆ ಬರೂದಿಲ್ಲ. ನಾವು ಜೈನರು. ದೀಪಕ್ಕ ಹುಳಾ ಬಂದು ಬೀಳ್ತಾವಂತ ಹೊತ್ತ ಮುಳಗಿದ ಮ್ಯಾಲ ನಾ ಊಟಾನೂ ಮಾಡೂದಿಲ್ಲ."

"ಮತ್ತ ಅಪ್ಪ ಬ್ಯಾರೇನ ಹೇಳಿದ್ನಲ್ಲ!" ವಂದನಾ ಥಟ್ಟನೆ ಈ ಕಡೆ ತಿರುಗಿದಳು.

"ನಿಮ್ಮಪ್ಪಗ ಮಂದಿ ಮುಂದ ನನ್ನ ಹೆಸರ ಹೇಳಾಕ ಮನಸಿಲ್ಲ. ಮುದುಕಿ ಮಾತ ಕೇಳಿ ಬೆಳಿ ಹಾಳಮಾಡಿದ ಅಂತ ನನಗ ಅಂದಾರು ಅಂತ, ನೊಣದ ಮ್ಯಾಲ ಹಾಕ್ಯಾನ."

ಗೆಳತಿಯರು ಒಬ್ಬರನ್ನೊಬ್ಬರು ನೋಡಿದರು. ಈಗ ಅಕ್ಷತಾಳ ಗೊಂದಲ ಇನ್ನೂ ಹೆಚ್ಚಾಯಿತು. ಅಪ್ಪ ಕಟ್ಟಿದ್ದು ತಪ್ಪು ಎಂದು ಅವಳಿಗೆ ಅನ್ನಿಸಲಿಲ್ಲ. ಅಜ್ಜಿಯ ಮಾತೂ ತಪ್ಪು ಅನ್ನಿಸಲಿಲ್ಲ. ಆದರೆ ಬುಟ್ಟಿಯ ಹಣ್ಣೊಂದು ಒಡೆದು, ಒಳಗೆ ಹುಳ ಮಿಸುಕುತ್ತಿತ್ತು.

"ನೊಣಾ ಸಾಯಬಾರದು, ಹಣ್ಣಿಗೂ ಬರಬಾರದು. ಹಂಗ ಮಾಡಾಕ ಬರತೈತೇನ್ರಿ?"

ಸರ್ ಹೊರಡುವ ಮೊದಲೇ ಅವರನ್ನು ಕೇಳಬೇಕಿತ್ತು. ಅಕ್ಷತಾ ಒಡ್ಡು ಹಾರಿ ಓಡಿದಳು. ಪ್ರಭುಲಿಂಗ ಸರ್ ಬೈಕ್ ಶುರು ಮಾಡಿದ್ದರು. ಅವಳ ಮಾತು ಕೇಳಿ ಬಂದ್ ಮಾಡಿದರು.

"ಬರತೈತಿ. ಆದ್ರ ಕೆಲಸಾ ಭಾಳ" ಎಂದು ಚೀಲದಿಂದ ಒಂದು ತೆಳುವಾದ ಬಿಳಿ ಬಟ್ಟೆಯ ಚೀಲ ತೆಗೆದರು. ಅಂಗೈಯಷ್ಟು ಇತ್ತು. "ಬನಹಟ್ಟಿ ಹೆಣ್ಣಮಕ್ಕಳು ಹೊಲಿದು ಕೊಡ್ತಾರ. ಕಾಯಿ ಸಣ್ಣದು ಇದ್ದಾಗನ ಇದನ್ನ ಹಾಕಿ ಕಟ್ಟಬೇಕು. ನೊಣಕ್ಕ ತತ್ತಿ ಇಡಾಕ ಜಾಗಾನ ಸಿಗೂದಿಲ್ಲ. ಒಂದೊಂದ ಕಾಯಿಗೂ ಕೈಲೆ ಕಟ್ಟಬೇಕು ಅಂತ ನಿಮ್ಮಪ್ಪನ ಬ್ಯಾಡಂದ."

ಸರ್, ಅಪ್ಪ, ಅಕ್ಷತಾ ಮೂವರೂ ಆಚೆ ಹೋದರು. ಧರ್ಮರಾಜ ಎಲ್ಲ ಕೇಳಿಸಿಕೊಂಡ. ಅವ್ವನ ಮುಖ ನೋಡಿದ. ತಾರವ್ವ ಚೀಲದೊಳಗೆ ಎರಡು ಬೆರಳು ತೂರಿಸಿ ನಕ್ಕಳು.

"ಕೂಸಿನ ಅಂಗಿ ಇದ್ದಂಗ ಐತಲ್ಲೋ! ಇದಕ್ಕ ನಾ ಬ್ಯಾಡ ಅನ್ನೂದಿಲ್ಲ."

"ಸಂಘದಾಗ ಒಪ್ಪತಾರೇನ್ರಿ?" ಧರ್ಮರಾಜ ಕೇಳಿದ.

"ಹುಳಾ ಇರಬಾರದು ಅಷ್ಟ. ಅಂಗಿ ಹಾಕಿದ ಕಾಯಿ ಹಣ್ಣಾದಾಗ ನಾನ ಗಾಡಿ ಕಳಸ್ತೇನಿ" ಎಂದರು ಸರ್.

ಅಕ್ಷತಾಳ ಅಪ್ಪ ಆ ಚೀಲವನ್ನು ಕೈಗೆ ತೆಗೆದುಕೊಂಡ. "ಕಟ್ಟಾಕ ನಾವೂ ಬರ್ತೀವಿ ಧರ್ಮಣ್ಣ. ನೀ ಒಬ್ಬಾಂವ ಎಷ್ಟಂತ ಕಟ್ಟತಿ?"

ರವಿವಾರ ಎರಡೂ ಮನೆಯವರು ಧರ್ಮರಾಜನ ತೋಟದಲ್ಲಿದ್ದರು. ವಂದನಾ ಮತ್ತು ಅಕ್ಷತಾಗೆ ಸಣ್ಣ ಕಾಯಿ ತುಂಬಿದ ಒಂದು ಗಿಡ್ಡ ಗಿಡ ಸಿಕ್ಕಿತು. ಕಟ್ಟಿ ಕಟ್ಟಿ ಬೆರಳು ನೋಯುತ್ತಿದ್ದವು.

ಆಗ ಒಂದು ನೊಣ ಬಂದು ಅವರು ಕಟ್ಟಿದ ಅಂಗಿಯ ಮೇಲೆ ಕುಳಿತಿತು. ಮೇಲೆ ನಡೆಯಿತು. ಕೆಳಗೆ ನಡೆಯಿತು. ಎಲ್ಲಿಯೂ ದಾರಿ ಸಿಗಲಿಲ್ಲ. ಪುರ್ರನೆ ಹಾರಿ ಒಡ್ಡಿನ ಕಡೆ ಹೊರಟಿತು.

"ನಿಮ್ಮ ಡಬ್ಬಿ ಕಡೆ ಹೋಗಾಕತ್ತೈತಿ" ಎಂದಳು ವಂದನಾ ಮೆಲ್ಲಗೆ.

"ಹೂಂ."

ಅಪ್ಪನ ಹಣ್ಣು ಉಳಿಯಬೇಕು ಎಂದು ಅಕ್ಷತಾಗೆ ಅನ್ನಿಸಿತು. ಆ ನೊಣ ಡಬ್ಬಿಗೆ ಬಿದ್ದು ಸಾಯದೆ ಹಿಂದಕ್ಕೆ ತಿರುಗಲಿ ಅಂತಲೂ ಅನ್ನಿಸಿತು. ಯಾವುದು ಖರೆ ಎಂದು ಈ ಸಲ ಯಾರನ್ನೂ ಕೇಳಬೇಕು ಅನ್ನಿಸಲಿಲ್ಲ.

ವಂದನಾ ಕೊಂಬೆ ಬಗ್ಗಿಸಿ ಹಿಡಿದಳು. ಅಕ್ಷತಾ ಮುಂದಿನ ಕಾಯಿಗೆ ಅಂಗಿ ತೊಡಿಸಿದಳು.