ಸೌದೆ ಯಂತ್ರದ ಹಳೇ ಪೈಪು

"ಪೈಪ್ ಮಾತ್ರ ಹೊಸದು ಹಾಕಿ ಅಂದೆ, ಅಷ್ಟೇ. ಅದಕ್ಕೆ ಇಷ್ಟು ಸಿಟ್ಟಾ?"

"ಸಿಟ್ಟಲ್ಲ ಮೇಡಂ. ಹದಿನೈದು ದಿನದಿಂದ ಒದ್ದಾಡ್ತಿದೀನಿ. ಒಂದ್ಸಲ ಆದ್ರೂ ಚೆನ್ನಾಗಿದೆ ಅಂದ್ರಾ?"

ವೆಲ್ಡರ್ ಕನ್ನಡಕ ಹಣೆಗೇರಿಸಿ ನಕ್ಕ. ಬೇಕರಿಯವಳು ಮುಖ ತಿರುಗಿಸಿದಳು. ಮಸಿ ಮೆತ್ತಿದ ಆ ಮುಖವನ್ನು ಇನ್ನೊಂದು ಗಳಿಗೆ ನೋಡಿದರೆ ಎದೆಯಲ್ಲಿದ್ದದ್ದೆಲ್ಲ ಬಾಯಿಗೆ ಬರುತ್ತಿತ್ತು.

ಬೇಕರಿಯ ಒಲೆಗೆ ದಿನವೂ ಸೌದೆ ಬೇಕು. ಕೊಡಲಿ ಬೀಸಿ ಬೀಸಿ ಅಪ್ಪನ ಭುಜ ಕೈಕೊಟ್ಟಿತ್ತು. ಸೌದೆ ಸೀಳುವ ಹೊಸ ಯಂತ್ರ ಕೊಳ್ಳುವುದು ಕನಸಿನ ಮಾತು. "ನಾನಿಲ್ವಾ?" ಎಂದು ಪಕ್ಕದ ಶೆಡ್ಡಿನ ಈ ವೆಲ್ಡರ್ ಗುಜರಿಯನ್ನೆಲ್ಲ ಜಾಲಾಡಿ ಯಂತ್ರ ಕಟ್ಟಿದ್ದ. ಮುರಿದ ಲೋಡರ್ ಗಾಡಿಯ ಸಿಲಿಂಡರು, ಮುಚ್ಚಿಹೋದ ಗಿರಣಿಯ ಮೋಟಾರು, ಕೆಡವಿದ ಗೋದಾಮಿನ ಕಬ್ಬಿಣದ ತೊಲೆ, ರೈಲು ಹಳಿಯ ತುಂಡು ಮಸೆದು ಮಾಡಿದ ಬೆಣೆ. ಬೆಣೆಯನ್ನು ಒತ್ತಡದಿಂದ ತಳ್ಳುವ ಎಣ್ಣೆಯ ಪೈಪೂ ಗುಜರಿಯದೇ.

ಅವನಿಗೆ ಎಲ್ಲವನ್ನೂ ಬರಿಗೈಯಲ್ಲಿ ಮುಟ್ಟಿ ನೋಡುವ ಚಾಳಿ. ಬೆಸುಗೆ ಆರಿತೇ, ಮೋಟಾರು ಕಾದಿದೆಯೇ, ಎಲ್ಲಕ್ಕೂ ಅಂಗೈಯೇ ಮೀಟರು. ಅವಳ ಹೆದರಿಕೆ ಅದೇ.

ಮೂರು ದಿನದ ಹಿಂದೆ ಬ್ರೆಡ್ ಕೊಡುವ ನೆಪದಲ್ಲಿ ಗುಜರಿ ಅಂಗಡಿಯ ಅಜ್ಜನನ್ನು ಆ ಪೈಪಿನ ಬಗ್ಗೆ ವಿಚಾರಿಸಿದ್ದಳು.

"ಪೈಪಲ್ಲಿ ಸೂಜಿಮೊನೆಯಷ್ಟು ತೂತಿದ್ರೂ ಸಾಕಮ್ಮ, ಎಣ್ಣೆ ಚರ್ಮ ತೂರಿ ಒಳಗೆ ಹೋಗುತ್ತೆ. ಹೊರಗೆ ಇರುವೆ ಕಚ್ಚಿದ ಹಾಗೆ ಕಾಣುತ್ತೆ, ಒಳಗೆ ಕೊಳೆಯುತ್ತೆ. ನನ್ನ ತಮ್ಮನಿಗೆ ಎರಡು ಬೆರಳು ತೆಗೆದ್ರು. ಸೋರೋ ಜಾಗ ಹುಡುಕೋಕೆ ರಟ್ಟು ಹಿಡೀಬೇಕು, ಕೈಯಲ್ಲ."

ಅಂದಿನಿಂದ ಅವಳಿಗೆ ಊಟ ಸೇರುತ್ತಿರಲಿಲ್ಲ. ಹೇಳಿದರೆ, "ನನಗೋಸ್ಕರ ಗುಜರಿವರೆಗೂ ಹೋಗಿದ್ರಾ?" ಎಂದು ಕೆಣಕುತ್ತಾನೆ. ಗುಟ್ಟು ರಟ್ಟಾಗುತ್ತದೆ. ಪೈಪ್ ಬದಲಿಸಿ ಎಂದಷ್ಟೇ ಹೇಳಿ ಬಾಯಿ ಮುಚ್ಚಿಕೊಂಡಿದ್ದಳು. ಹಾಳು ನಾಚಿಕೆ!

ಈಗ ಬೇಕರಿಯ ಹಿತ್ತಲಲ್ಲಿ, ಹಳೇ ಪೈಪಿನಲ್ಲೇ ಯಂತ್ರ ನಡೆಸಿ ನೋಡಲು ಅಪ್ಪ ಸ್ವಿಚ್ ಒತ್ತಿದರು. ಮೋಟಾರು ಗುರ್ರೆಂದಿತು. ಮೊದಲ ಕೊರಡು ಎರಡು ಹೋಳಾಯಿತು. ಅಪ್ಪ ಮಗುವಿನಂತೆ ನಕ್ಕರು. ರಟ್ಟಿನ ಖಾಲಿ ಕೇಕ್ ಡಬ್ಬಗಳನ್ನು ಮಡಚುತ್ತಾ ನಿಂತಿದ್ದ ಅವಳು ಮಾತ್ರ ಪೈಪನ್ನೇ ನೋಡುತ್ತಿದ್ದಳು.

ಎರಡನೆಯದು ಗಂಟುಗಂಟಿನ ಕೊರಡು. ಬೆಣೆ ಅರ್ಧಕ್ಕೇ ಸಿಕ್ಕಿಕೊಂಡಿತು. ಮೋಟಾರು ಏದುಸಿರು ಬಿಟ್ಟಿತು. ಎಲ್ಲಿಂದಲೋ ಸುಂಯ್ ಎಂಬ ಸಣ್ಣ ಸದ್ದು, ಪೈಪಿನ ಸುತ್ತ ತೆಳ್ಳಗೆ ಹೊಗೆಯಂಥ ಎಣ್ಣೆಯ ತುಂತುರು.

"ಎಲ್ಲಿ ಸೋರ್ತಿದೆ, ನೋಡೋಣ," ಎಂದು ಅವನು ಕೈ ಚಾಚಿದ.

"ಮುಟ್ಟಬೇಡ!"

ಅವಳು ಒಂದು ಕೈಯಲ್ಲಿ ಅವನ ಮಣಿಕಟ್ಟು ಹಿಡಿದೆಳೆದು, ಇನ್ನೊಂದು ಕೈಯಲ್ಲಿದ್ದ ಕೇಕ್ ಡಬ್ಬವನ್ನು ಪೈಪಿನತ್ತ ಒಡ್ಡಿದಳು. ಚರ್ ಎಂದಿತು. ಅಪ್ಪ ಗಾಬರಿಯಿಂದ ಸ್ವಿಚ್ ಆರಿಸಿದರು.

ಡಬ್ಬದ ದಪ್ಪ ರಟ್ಟು ಬ್ಲೇಡಿನಲ್ಲಿ ಕೊಯ್ದಂತೆ ಸೀಳಿಹೋಗಿತ್ತು.

ಅವಳು ಡಬ್ಬ ಬಿಸಾಡಿ ಅವನ ಒಂದೊಂದೇ ಬೆರಳನ್ನು ಬಿಡಿಸಿ ಬಿಡಿಸಿ ನೋಡಿದಳು. ಎಲ್ಲೂ ಚುಕ್ಕೆಯಿರಲಿಲ್ಲ. ಆಗ ಅವಳಿಗೆ ಅಳು ಒತ್ತರಿಸಿ ಬಂತು.

"ನಿಮಗೆ ಗೊತ್ತಿತ್ತಾ?" ಸೀಳಿದ ರಟ್ಟನ್ನೇ ನೋಡುತ್ತಾ ಅವನು ಕೇಳಿದ.

"ಮೂರು ದಿನದಿಂದ ಗೊತ್ತು. ಹೇಳೋಕೆ ನಾಚಿಕೆ ಆಯ್ತು. ಈ ಕೈ ಹೋಗಿದ್ರೆ ಆ ನಾಚಿಕೆ ತಗೊಂಡು ನಾನೇನು ಮಾಡ್ಲಿ? ನೀವಂದ್ರೆ ನನಗೆ ಪ್ರಾಣ. ಹೇಳ್ಬಿಟ್ಟೆ. ನಗೋದಾದ್ರೆ ನಗಿ."

ಅವನು ನಗಲಿಲ್ಲ.

"ಇದು ಐದು ದಿನದ ಕೆಲಸ," ಎಂದ ತಲೆ ತಗ್ಗಿಸಿ. "ಬೇಕಂತಲೇ ಹದಿನೈದು ದಿನ ಎಳೆದೆ. ಮುಗಿದ್ರೆ ಈ ಹಿತ್ತಲಿಗೆ ಬರೋಕೆ ನೆಪ ಇರಲ್ಲ ಅಂತ ನನಗೂ ಭಯ ಇತ್ತು."

ಅಪ್ಪ ಗಂಟಲು ಸರಿಮಾಡಿಕೊಂಡರು. "ಪೈಪು ತರೋಕೆ ಯಾರು ಹೋಗ್ತೀರಪ್ಪ?"

"ನಾವಿಬ್ಬರೂ ಹೋಗ್ತೀವಿ," ಎಂದಳು ಅವಳು, ಅವನ ಕೈ ಬಿಡದೆ.