ಇಡೋದಾ, ಕೊಡೋದಾ?

“ನಿಲ್ಸಿ! ದಯವಿಟ್ಟು ನಿಲ್ಸಿ... ಅದು ಸತ್ತಿಲ್ಲ!”

ಬೆಚ್ಚಿಬಿದ್ದ ಅವಳ ಕೈಯಲ್ಲಿದ್ದ ಒಣಕಡ್ಡಿ ಲಟಕ್ಕೆಂದು ಮುರಿಯಿತು.

ಮೂರನೇ ಮಹಡಿಯ ಬಾಲ್ಕನಿಯ ಬಾಗಿಲಲ್ಲಿ ಒಬ್ಬ ಯುವಕ ಏದುಸಿರು ಬಿಡುತ್ತ ನಿಂತಿದ್ದ. ಮೊಣಕಾಲಿನವರೆಗೆ ಮಣ್ಣು. ಕೋಪಕ್ಕೆ ಮುಖವೆಲ್ಲ ಕೆಂಪು. ಕೆಳಗೆ ರಸ್ತೆಯಿಂದಲೇ ಅವಳ ಘನಕಾರ್ಯ ಕಂಡು, ಮೆಟ್ಟಿಲನ್ನು ಎರಡೆರಡಾಗಿ ಹಾರಿ ಬಂದಿದ್ದ.

“ಯಾರ್ರೀ ನೀವು? ನನ್ನ ಗಿಡಗಳಿಗೆ ಏನ್ ಮಾಡ್ತಿದೀರ?”

“ಗಿಡಾನಾ? ಎಲ್ಲಿ ಗಿಡ? ಹದಿನೇಳು ಕುಂಡದಲ್ಲಿ ಹದಿನೇಳು ಕಡ್ಡಿ! ಈ ಮನೆ ಟೀಚರ್ ಬೇಡದ್ದೆಲ್ಲ ತೆಗೆದುಹಾಕಿ ಅಂದಿದಾರೆ, ಹಾಕ್ತಿದೀನಿ.”

ಅವಳ ಕೆಲಸವೇ ಅದು. ಚಳಿ ಮುಗಿದು ಬಿಸಿಲು ಕಿಟಕಿಗೆ ಬರುವ ಹೊತ್ತಿಗೆ ಊರಿನವರೆಲ್ಲ ಅವಳಿಗೆ ಫೋನ್ ಮಾಡುತ್ತಿದ್ದರು. ವರ್ಷವಿಡೀ ತುಂಬಿಟ್ಟ ಅಲಮಾರಿಗಳನ್ನು ಬರಿದು ಮಾಡಿ, ಬೇಕಾದ್ದನ್ನು ಮಾತ್ರ ಮಡಚಿಟ್ಟು ಬರುವವಳು. ಎಲ್ಲರ ಬಾಯಲ್ಲೂ ಅವಳು ‘ಅಲಮಾರಿ ಡಾಕ್ಟರ್’. ಒಂದೊಂದು ಬಟ್ಟೆಯನ್ನೂ ಎತ್ತಿ ಹಿಡಿದು ಅವಳು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: “ಇಡೋದಾ, ಕೊಡೋದಾ?”

ಯಾರದು, ಯಾವಾಗಿನದು, ಯಾಕೆ ಎಂದು ಮಾತ್ರ ಕೇಳುತ್ತಿರಲಿಲ್ಲ. ಜನರ ಗುಟ್ಟು ಜನರಿಗಿರಲಿ ಎಂಬುದು ಅವಳ ಕಸುಬಿನ ನಿಯಮ.

ಯುವಕ ಕಸದ ಚೀಲದೊಳಗಿಂದ ಒಂದು ಕಡ್ಡಿಯನ್ನು ಮೆಲ್ಲಗೆ ಎತ್ತಿಕೊಂಡ. ಬೇರು ನೋಡಿದ. ನಿಟ್ಟುಸಿರು ಬಿಟ್ಟ. ಆಮೇಲೆ ಅದನ್ನು ಅವಳ ಮೂಗಿನ ಮುಂದೆ ಹಿಡಿದ.

“ಉಗುರಿಂದ ಕೆರೀರಿ.”

“ಏನು?”

“ಕೆರೀರಿ ಅಂದೆ. ಜೋರಾಗಲ್ಲ... ಮೇಲಿನ ಸಿಪ್ಪೆ ಮಾತ್ರ.”

‘ಇವನಿಗೇನು ತಲೆ ಕೆಟ್ಟಿದೆಯಾ?’ ಎಂದುಕೊಂಡೇ ಅವಳು ಹೆಬ್ಬೆರಳಿನ ಉಗುರನ್ನು ತಾಗಿಸಿದಳು. ಬೂದು ಬಣ್ಣದ ಸಿಪ್ಪೆ ಒಂದಿಷ್ಟು ಸರಿಯಿತು.

ಒಳಗೆ ಹಸಿರು!

ಒದ್ದೆಯಾದ, ಹೊಳೆಯುವ, ಎಳೆಯ ಹಸಿರು. ನಾಲ್ಕು ತಿಂಗಳಿಂದ ಒಂದೆಲೆಯೂ ಇಲ್ಲದ ಕಡ್ಡಿಯೊಳಗೆ ಅಷ್ಟು ಜೀವ ಸುಮ್ಮನೆ ಕುಳಿತಿತ್ತು.

“ಅಯ್ಯೋ ದೇವರೇ...” ಎಂದಳು, ಪಿಸುದನಿಯಲ್ಲಿ.

“ಚಳಿಗಾಲದಲ್ಲಿ ನಿದ್ದೆ ಮಾಡ್ತವೆ. ನೀವು ಮಲಗಿದ್ದವರನ್ನ ಹೊತ್ಕೊಂಡು ಹೋಗಿ ಕಸಕ್ಕೆ ಹಾಕಿದೀರ!” ಎಂದ ಅವನು. ಕೋಪ ಅರ್ಧ ಇಳಿದಿತ್ತು.

ಟೀಚರ್ ಅವನ ಅಕ್ಕ. ಊರಂಚಿನ ನರ್ಸರಿ ಅವನದು. ಅಲ್ಲಿ ಜಾಗ ಸಾಲದೆ ಈ ಹದಿನೇಳನ್ನು ಅಕ್ಕನ ಬಾಲ್ಕನಿಗೆ ತಂದಿಟ್ಟಿದ್ದ.

ಅವಳು ನಾಲಿಗೆ ಕಚ್ಚಿಕೊಂಡಳು. ಮುರಿದ ಕಡ್ಡಿಯನ್ನು ಬೆನ್ನ ಹಿಂದೆ ಅಡಗಿಸಲು ನೋಡಿದಳು. ಅವನು ನೋಡಿಯೇಬಿಟ್ಟ... ಇಬ್ಬರಿಗೂ ನಗು ಬಂತು.

“ಉಳಿದ ಹದಿನಾರು ಚಿಗುರೋವರೆಗೂ ಭಾನುವಾರ ಭಾನುವಾರ ನಾನೇ ಬಂದು ನೋಡ್ಕೋತೀನಿ,” ಎಂದಳು.

ಅವನು ಬೇಡ ಎನ್ನಲಿಲ್ಲ.

ನಾಲ್ಕನೇ ಭಾನುವಾರ ಹದಿನಾರೂ ಚಿಗುರಿದವು. ಕೊಟ್ಟ ಮಾತು ಮುಗಿಯಿತಲ್ಲ, ಇನ್ನು ಹೋಗಬೇಕಾಗಿರಲಿಲ್ಲ. ಆದರೂ ಐದನೇ ಭಾನುವಾರ ಅವಳು ಬೆಳಿಗ್ಗೆಯೇ ಎದ್ದು ತಲೆ ಬಾಚಿಕೊಂಡು ಕುಳಿತಿದ್ದಳು. ಅವನದೇ ಫೋನ್ ಬಂತು.

“ಕೆರೆ ಹತ್ರ ಕಾಡುಹೂ ಬಿಟ್ಟಿದೆ. ಮೂರು ದಿನ ಅಷ್ಟೇ ಇರುತ್ತೆ. ಬರ್ತೀರಾ?”

ಹೋದಳು. ಬ್ರೆಡ್ಡು, ಕಿತ್ತಳೆ ಹಣ್ಣು, ಒಂದು ಫ್ಲಾಸ್ಕ್ ಚಹಾ. ಅವನು ಅವಳನ್ನು ಮಣ್ಣಿನ ಮೇಲೆ ಹೊಟ್ಟೆ ಅಡಿ ಮಾಡಿ ಮಲಗಿಸಿ, ಅಕ್ಕಿಕಾಳಿಗಿಂತ ಚಿಕ್ಕ ಹೂವೊಂದನ್ನು ಭೂತಗನ್ನಡಿಯಲ್ಲಿ ತೋರಿಸಿದ. ಅದರೊಳಗೆ ಐದು ನೀಲಿ ಗೆರೆ, ನಡುವೆ ಹಳದಿ ಚುಕ್ಕೆ. ಯಾರೂ ನೋಡದ ಜಾಗದಲ್ಲಿ, ಯಾರ ಮೆಚ್ಚುಗೆಯೂ ಬೇಡದೆ ಇಷ್ಟು ನಾಜೂಕಾಗಿ ಅರಳುವುದೆಂದರೆ! ಅವಳು ಕಣ್ಣೊರೆಸಿಕೊಂಡಳು.

“ಅಳ್ತಿದೀರಾ?”

“ಇಲ್ಲಪ್ಪ, ಕಣ್ಣಿಗೆ ಮಣ್ಣು.”

“ಎರಡೂ ಕಣ್ಣಿಗಾ?” ಎಂದು ಅವನು ಕಿಚಾಯಿಸಿದ.

ಆಮೇಲಿನ ಭಾನುವಾರಗಳಲ್ಲಿ ಗುಡ್ಡದ ಮೇಲಿನ ಬಿಳಿ ಹೂಮರ, ಹಳೇ ಸೇತುವೆಯ ಕಲ್ಲಿನ ಸಂದಿಯ ಹಾವಸೆ, ರೈಲು ಹಳಿಯ ಪಕ್ಕದ ಹಳದಿ ಹೂಗಳು. ಇಷ್ಟು ವರ್ಷ ಇದೇ ಊರಿನಲ್ಲಿ ತಾನು ಕಣ್ಣು ಮುಚ್ಚಿಕೊಂಡು ಓಡಾಡಿದ್ದೆನಾ ಎಂದು ಅವಳಿಗೇ ಅಚ್ಚರಿ.

ಇಲ್ಲಿ ಅವಳ ಬಗ್ಗೆ ಒಂದು ಮಾತು ಹೇಳಲೇಬೇಕು. ಅಪ್ಪ ಅಮ್ಮನನ್ನು ಎಂಟನೇ ವಯಸ್ಸಿಗೇ ಕಳೆದುಕೊಂಡು, ನೆಂಟರ ಮನೆಯಿಂದ ನೆಂಟರ ಮನೆಗೆ ಒಂದೇ ಪೆಟ್ಟಿಗೆ ಹಿಡಿದು ಬೆಳೆದವಳು. ಪೆಟ್ಟಿಗೆಯಲ್ಲಿ ಹಿಡಿಸದ್ದನ್ನು ಬಿಟ್ಟು ಹೋಗಬೇಕಿತ್ತು. ಗೊಂಬೆ ಬಿಟ್ಟಳು, ಪುಸ್ತಕ ಬಿಟ್ಟಳು, ಗೆಳತಿಯರನ್ನೂ ಬಿಟ್ಟಳು. ಬಿಡುವುದು ಎಷ್ಟು ರೂಢಿಯಾಯಿತೆಂದರೆ ಅದೇ ಕಸುಬಾಯಿತು. ಆದರೆ ಈ ಮಣ್ಣುಮೊಣಕಾಲಿನವನನ್ನು ನೆನೆದಾಗಲೆಲ್ಲ ಒಂದು ಹೊಸ ಭಯ. ‘ಇವನನ್ನ ಬಿಡೋಕೆ ನನ್ನಿಂದ ಆಗಲ್ಲ... ಇಟ್ಕೊಳ್ಳೋದು ಹೇಗೆ ಅಂತಾನೂ ಗೊತ್ತಿಲ್ಲ!’

ಒಂದು ದಿನ ಅವನು ಕಿವಿ ಕೆಂಪು ಮಾಡಿಕೊಂಡು ಕೇಳಿದ.

“ನನ್ನ ಅಲಮಾರೀನೂ ಒಂದ್ಸಲ ನೋಡ್ತೀರಾ?”

ನರ್ಸರಿಯ ಮೇಲಿನ ಒಂಟಿ ಕೋಣೆ. ಅಲಮಾರಿಯ ಎಡಬಾಗಿಲ ಹಿಂದೆ ನಾಲ್ಕು ಅಂಗಿ, ಮೂರು ಪ್ಯಾಂಟು. ಮೂರೂ ಪ್ಯಾಂಟಿನ ಮೊಣಕಾಲಲ್ಲಿ ಅಳಿಸಲಾಗದ ಮಣ್ಣು. ಅವಳು ನಗುತ್ತಲೇ ಬಲಬಾಗಿಲು ತೆರೆದಳು.

ನಗು ಅಲ್ಲೇ ನಿಂತಿತು.

ಸಾಲಾಗಿ ಹೆಣ್ಣಿನ ನಿಲುವಂಗಿಗಳು! ತೆಳು ಹತ್ತಿ. ನೀಲಿಯ ಮೇಲೆ ಬಿಳಿ ಹೂ, ಹಳದಿಯ ಮೇಲೆ ಪುಟ್ಟ ಎಲೆ, ಕೆಂಪು ಬಳ್ಳಿ... ಒಂದಕ್ಕಿಂತ ಒಂದು ಚಂದ.

ಬಟ್ಟೆ ಓದುವುದು ಅವಳ ವಿದ್ಯೆ. ಸೊಂಟದ ಅಳತೆ ಎಳೆಯ ಹೆಣ್ಣಿನದು. ಸೋಪಿನ ವಾಸನೆ ಮೊನ್ನೆ ಮೊನ್ನೆಯದು. ಇಸ್ತ್ರಿಯ ಗೆರೆ ಇನ್ನೂ ಮುರಿದಿಲ್ಲ. ಅವಳ ಓದಿನಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಕಟ್ಟಿಕೊಂಡ ಅರ್ಥ ಮಾತ್ರ ಪೂರಾ ತಪ್ಪು! ಅದು ಅವಳಿಗೆ ಹೇಗೆ ಗೊತ್ತಾಗಬೇಕು, ಹೇಳಿ?

“ಇಡೋದಾ...” ಅವಳು ನೀಲಿಯದರತ್ತ ಕೈ ಚಾಚಿದಳು, “...ಕೊಡೋದಾ?”

“ಅವನ್ನ ಮುಟ್ಬೇಡಿ!” ಅವನು ಥಟ್ಟನೆ ಹೇಳಿದ. “ಅವು... ಯಾರಿಗೂ ಕೊಡೋವಲ್ಲ.”

ಹೇಳಿ, ಅವಳ ಮುಖವನ್ನೇ ನೋಡುತ್ತ ನಿಂತ. ಏನನ್ನೋ ಕಾಯುವವನ ಹಾಗೆ.

ಯಾರದು? ಕೇಳಿದ್ದರೆ ಒಂದೇ ಮಾತು. ಅದು ಅವಳ ತುಟಿವರೆಗೂ ಬಂತು. ಅಲ್ಲಿಂದಲೇ ವಾಪಸ್ಸು ಹೋಯಿತು.

‘ಹೆಂಡತಿ ಇದ್ದಾಳೆ. ಎಲ್ಲಿಗೋ ಹೋಗಿದ್ದಾಳೆ, ಬರ್ತಾಳೆ. ಒಗೆದು ಇಸ್ತ್ರಿ ಮಾಡಿ ಕಾಯ್ತಿದ್ದಾನೆ. ನಾನ್ಯಾರು ಕೇಳೋಕೆ?’

ನಾಲ್ಕು ಅಂಗಿಗಳನ್ನು ಮಡಚಿಟ್ಟಳು. “ಕೆಲಸ ಮುಗೀತು,” ಎಂದಳು.

“ಅಷ್ಟೇನಾ? ಬೇರೇನೂ... ಕೇಳೋದಿಲ್ವಾ?”

“ನಾನು ಕೇಳೋದಿಲ್ಲ. ಅದು ನನ್ನ ನಿಯಮ.”

ಅವನ ಮುಖ ಬಾಡಿತು. ಅವಳು ನೋಡಲಿಲ್ಲ, ಆಗಲೇ ಮೆಟ್ಟಿಲಿಳಿಯುತ್ತಿದ್ದಳು.

ಆಮೇಲೆ ಮೂರು ಭಾನುವಾರ ಬಂದವು, ಹೋದವು. ಅವನ ಫೋನ್ ಎರಡು ಸಲ ಬಂತು. ಅವಳು ಎತ್ತಲಿಲ್ಲ. ಮೂರನೇ ವಾರ ಅದೂ ಬರಲಿಲ್ಲ. ಟೀಚರ್ ಫೋನನ್ನೂ ಅವಳು ಎತ್ತಲಿಲ್ಲ. ಒಂದು ಮನೆಯಲ್ಲಿ ಇಡಬೇಕಾದ ಕೋಟನ್ನು ಕೊಡುವ ರಾಶಿಗೆ ಹಾಕಿ ಬೈಸಿಕೊಂಡೂ ಬಂದಳು.

ಅವಳು ಇದ್ದದ್ದು ಚಿಕ್ಕಮ್ಮನ ಜೊತೆ. ಊರ ಅಲಮಾರಿಗಳನ್ನೆಲ್ಲ ಬರಿದು ಮಾಡುವವಳ ಮನೆಯಲ್ಲಿ ಚಿಕ್ಕಮ್ಮ ಖಾಲಿ ಬಾಟಲಿ, ಹಳೇ ಗುಂಡಿ, ಕ್ಯಾಲೆಂಡರ್, ಹಿಡಿ ಮುರಿದ ಚಹಾ ಕಪ್ಪು ಎಲ್ಲವನ್ನೂ ಕೂಡಿಡುತ್ತಿದ್ದಳು. ಇಬ್ಬರಿಗೂ ದಿನಾ ಜಟಾಪಟಿ. ಆ ವಾರ ಇವಳು ಜಗಳಕ್ಕೇ ಬರುತ್ತಿಲ್ಲವೆಂದು ಚಿಕ್ಕಮ್ಮನಿಗೆ ದಿಗಿಲಾಯಿತು.

“ಏನಾಯ್ತೇ? ನಿನ್ನೆ ಒಡೆದ ಛತ್ರಿ ತಂದಿಟ್ಟೆ, ಒಂದ್ ಮಾತು ಬೈಯಲಿಲ್ಲ ನೀನು!”

ಅಷ್ಟೇ ಸಾಕಾಯಿತು. ಅವಳು ಚಿಕ್ಕಮ್ಮನ ಮಡಿಲಲ್ಲಿ ಮುಖ ಹುದುಗಿಸಿ, ಬಿಕ್ಕುತ್ತ ಎಲ್ಲವನ್ನೂ ಹೇಳಿದಳು.

ಚಿಕ್ಕಮ್ಮ ಪೂರ್ತಿ ಕೇಳಿದಳು.

“ಯಾರದು ಆ ಬಟ್ಟೆ ಅಂತ ಕೇಳಿದ್ಯಾ?”

“ಕೇಳಬಾರದು ಚಿಕ್ಕಮ್ಮ. ಅದು ಕೆಲಸದ ನಿಯಮ.”

“ಓಹೋ! ನೀನು ಅಲ್ಲಿಗೆ ಹೋಗಿದ್ದು ಕೆಲಸಕ್ಕಾ?”

ಅವಳು ಮುಖವನ್ನು ಮಡಿಲಲ್ಲಿ ಇನ್ನಷ್ಟು ಹುದುಗಿಸಿದಳು.

“ಕೇಳಿದ್ರೆ ‘ಬೇರೆಯವಳದು’ ಅಂತ ಹೇಳಿಬಿಡ್ತಾನೆ ಅಂತ ಹೆದರಿದೆ. ಅದಕ್ಕೆ ನೀನೇ ಮೊದಲು ಬಿಟ್ಟು ಬಂದೆ. ಚಿಕ್ಕೋಳಿದ್ದಾಗಿಂದ ನೋಡ್ತಿದೀನಿ ನಿನ್ನ!” ಚಿಕ್ಕಮ್ಮ ಅವಳ ಕೂದಲಲ್ಲಿ ಬೆರಳಾಡಿಸಿದಳು. “ಹೋಗಿ ಕೇಳು. ಹೆಂಡ್ತೀದು ಅಂದ್ರೆ ಅತ್ತು ಬಾ, ನಾನಿದೀನಿ.”

ಮರುದಿನ ಬೆಳಗಿನ ಬಿಸಿಲಲ್ಲಿ ಅವಳು ನರ್ಸರಿಯ ಗೇಟು ತಳ್ಳಿದಳು. ‘ಒಂದೇ ಪ್ರಶ್ನೆ. ಕೇಳೋದು, ಬರೋದು.’

ಗಾಜಿನ ಮನೆ ದಾಟಿ ಹಿತ್ತಿಲಿಗೆ ಕಾಲಿಟ್ಟವಳು... ನಿಂತೇಬಿಟ್ಟಳು.

ಕಣ್ಣು ಹಾಯುವಷ್ಟು ದೂರ ಸಸಿಗಳ ಸಾಲು. ನೂರು, ಇನ್ನೂರು, ಅದಕ್ಕೂ ಹೆಚ್ಚು. ಪ್ರತಿಯೊಂದು ಸಸಿಯ ಕಾಂಡಕ್ಕೂ ಬೆರಳಗಲದ ಬಟ್ಟೆಯ ಪಟ್ಟಿ ಸುತ್ತಿತ್ತು. ನೀಲಿಯ ಮೇಲೆ ಬಿಳಿ ಹೂವಿನ ಪಟ್ಟಿ! ಗಾಳಿ ಬೀಸಿದಾಗ ಗಂಟಿನ ತುದಿಗಳೆಲ್ಲ ಒಮ್ಮೆಗೇ ಅಲುಗಿದವು. ಪ್ರತಿ ಪಟ್ಟಿಯ ಮೇಲೆ ಒಂದು ಹೊಸ ಚಿಗುರು. ಎಲ್ಲವೂ ಬಿಸಿಲಿನತ್ತ ತಿರುಗಿದ್ದವು. ಇಡೀ ಹಿತ್ತಿಲಿಗೆ ಯಾರೋ ಒಂದೇ ನಿಲುವಂಗಿ ತೊಡಿಸಿದ್ದರು.

ಇಲ್ಲಿ ಜೋರಾಗಿ ಹೆಜ್ಜೆಯಿಡಬಾರದು ಅನ್ನಿಸಿ, ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದಳು.

ಸಾಲಿನ ಕೊನೆಯಲ್ಲಿ ಅವನು ಮಂಡಿಯೂರಿ ಕೂತಿದ್ದ. ತಲೆಯೆತ್ತಿದ. ಕೈಯಲ್ಲಿದ್ದ ಚಾಕು ಹಾಗೇ ನಿಂತಿತು.

“ನೀವು...!”

“ಆ ಬಟ್ಟೆ,” ಅವಳು ಒಂದೇ ಉಸಿರಿಗೆ ಕೇಳಿದಳು, “ಯಾರದು?”

ಅವನು ಚಾಕು ಕೆಳಗಿಟ್ಟ. ಕಣ್ಣು ತುಂಬಿ ಬಂತು, ಜೊತೆಗೇ ನಗುವೂ.

“ಅಮ್ಮಂದು. ಈ ನರ್ಸರಿ ಶುರು ಮಾಡಿದ್ದು ಅವಳು, ಇಪ್ಪತ್ನಾಲ್ಕನೇ ವಯಸ್ಸಲ್ಲಿ. ಆಗ ಹೊಲಿಸಿಕೊಂಡಿದ್ದ ಬಟ್ಟೆಗಳು. ಏಳು ವರ್ಷ ಆಯ್ತು ಅವಳು ಹೋಗಿ. ಕೊನೇ ದಿನಗಳಲ್ಲಿ ಒಂದೇ ಮಾತು ಹೇಳ್ತಿದ್ದಳು. ‘ನನ್ನ ಬಟ್ಟೆ ಅಲಮಾರೀಲಿ ನೇತುಹಾಕಿ ಅಳಬೇಡ ಕಣೋ. ಕಸಿ ಕಟ್ಟೋಕೆ ಹಳೇ ಹತ್ತಿಯಷ್ಟು ಮೆತ್ತಗಿರೋದು ಇನ್ನೊಂದಿಲ್ಲ. ವರ್ಷಕ್ಕೊಂದು ಹರಿ’ ಅಂತ.”

“ಹಾಗಾದ್ರೆ ಒಗೆದು, ಇಸ್ತ್ರಿ ಮಾಡಿ...?”

“ಕಸಿ ಶುರುವಾಗೋ ಮೊದಲು ಎಲ್ಲವನ್ನೂ ಒಗೀತೀನಿ, ಹುಳ ಹಿಡೀಬಾರದಲ್ಲ. ಒಂದನ್ನ ಹರೀತೀನಿ. ಗಾಯ ಕೂಡಿ ಎರಡು ಗಿಡ ಒಂದಾಗೋ ಹೊತ್ತಿಗೆ ಪಟ್ಟಿ ತಾನೇ ಕೊಳೆತು ಮಣ್ಣಿಗೆ ಬೀಳುತ್ತೆ.” ಅವನು ಸಾಲುಗಳತ್ತ ನೋಡಿದ. “ಇನ್ನು ಹದಿನಾಲ್ಕು ಇವೆ. ಹದಿನಾಲ್ಕು ವಸಂತ.”

ಇಡೋದೂ ಅಲ್ಲ, ಕೊಡೋದೂ ಅಲ್ಲ... ಇಂಥದ್ದೂ ಒಂದಿದೆಯಾ! ಸಾವಿರ ಅಲಮಾರಿ ತೆರೆದವಳಿಗೆ ಇದು ಗೊತ್ತಿರಲಿಲ್ಲ. ಅವಳು ಅಲ್ಲೇ ಮಣ್ಣಿನ ಮೇಲೆ ಕುಳಿತಳು.

“ಅವತ್ತೇ ಯಾಕೆ ಹೇಳಲಿಲ್ಲ?”

“ನೀವು ಕೇಳ್ತೀರಾ ಅಂತ ಕಾದೆ. ನಮ್ಮ ಬಗ್ಗೆ ಆಸೆ ಇರೋರು ಕೇಳ್ತಾರಲ್ವಾ? ‘ನಾನು ಕೇಳೋದಿಲ್ಲ’ ಅಂದ್ರಿ. ನಾನೂ ನಿಮಗೆ ಇನ್ನೊಂದು ಅಲಮಾರಿ ಅಷ್ಟೇ ಅಂದ್ಕೊಂಡೆ.”

“ಅಯ್ಯೋ, ದಡ್ಡ ಅಂದ್ರೆ ದಡ್ಡ!” ಅವಳು ಅಳುತ್ತಲೇ ರೇಗಿದಳು. “ನಿಮಗೆ ಹೆಂಡ್ತಿ ಇದ್ದಾಳೆ ಅಂದ್ಕೊಂಡು ಮೂರು ವಾರ ಸರಿಯಾಗಿ ಊಟ ಮಾಡಿಲ್ಲ ನಾನು!”

“ಹೆಂಡ್ತೀನಾ? ನಂಗಾ? ನಾಲ್ಕು ಅಂಗಿ ಇರೋನಿಗೆ!”

ಅವಳು ನಗಲಿಲ್ಲ. ಇದನ್ನು ಈಗ ಹೇಳದಿದ್ದರೆ ಇನ್ನೆಂದೂ ಹೇಳಲಾರಳು.

“ಕೇಳಿ... ನನಗೆ ಬಿಡೋದು ಮಾತ್ರ ಗೊತ್ತು. ಎಲ್ಲವನ್ನೂ ಬಿಟ್ಟಿದೀನಿ, ಒಂದನ್ನೂ ತಿರುಗಿ ನೋಡಿಲ್ಲ. ನಿಮ್ಮನ್ನೂ ಬಿಡೋಕೆ ನೋಡಿದೆ. ಆಗಲಿಲ್ಲ. ನೀವು ನನಗೆ ಬೇಕು. ಇಟ್ಕೊಳ್ಳೋದು ಹೇಗೆ ಅಂತ ಗೊತ್ತಿಲ್ಲ, ಆದ್ರೆ ಬೇಕು!”

ಅವನು ಮುಂದಿದ್ದ ಸಸಿಯ ಸೀಳಿಗೆ ಒಂದು ಎಳೆ ಕಡ್ಡಿಯನ್ನು ಕೂಡಿಸಿದ. ಅವಳ ಕೈಯನ್ನು ಮೆಲ್ಲಗೆ ಎಳೆದು ಆ ಜಾಗದ ಮೇಲಿಟ್ಟ.

“ಹಿಡ್ಕೊಳ್ಳಿ. ಒತ್ಬೇಡಿ. ಸುಮ್ನೆ... ಜೊತೆಗಿರಿ ಅಷ್ಟೇ.”

ಅವಳು ಹಿಡಿದಳು. ಅವನು ಅವಳ ಬೆರಳುಗಳ ಸುತ್ತಲೇ ಪಟ್ಟಿ ತಂದು, ಒಂದೊಂದು ಸುತ್ತಿಗೂ ಒಂದೊಂದು ಬೆರಳು ಬಿಡಿಸುತ್ತ, ಕೊನೆಗೆ ಗಂಟು ಹಾಕಿದ.

“ನಂಗೂ ನೀವು ಬೇಕು,” ಎಂದ, ಗಂಟನ್ನೇ ನೋಡುತ್ತ. “ಕಡ್ಡಿ ಕೆರೆದು ‘ಅಯ್ಯೋ ದೇವರೇ’ ಅಂದ್ರಲ್ಲ, ಆ ಗಳಿಗೆಯಿಂದ.”

ಗಾಳಿ ಮತ್ತೆ ಬೀಸಿತು. ಗಂಟುಗಳೆಲ್ಲ ಅಲುಗಿದವು.

“ಕಟ್ಟಿ ಆಯ್ತು,” ಅವನು ಪಿಸುಗುಟ್ಟಿದ. “ಇನ್ನು ಕೈ ಬಿಡಬಹುದು.”

ಅವಳು ಸಸಿಯನ್ನು ಬಿಟ್ಟು, ಅವನ ಮಣ್ಣುಮೆತ್ತಿದ ಕೈಯನ್ನು ಎರಡೂ ಕೈಯಿಂದ ಹಿಡಿದುಕೊಂಡಳು.

“ಬಿಡಲ್ಲ,” ಎಂದಳು.